ಚಿತ್ರದಲ್ಲಿ ರೈಲಿದೆ, ಹಳಿ ಕಾಯುವವನೆಲ್ಲಿ?

ಜೂನ್ ತಿಂಗಳ ಮೊದಲ ಮಳೆ ಬಿತ್ತೆಂದರೆ ನಮ್ಮ ಮೊಬೈಲುಗಳಿಗೆ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ನೀವೂ ನೋಡಿರುತ್ತೀರಿ. ಹಸಿರು ಹೊದ್ದ ಗುಡ್ಡ, ಅರ್ಧ ಮಂಜು, ನಡುವೆ ಎತ್ತರದ ಒಂದು ಸೇತುವೆ, ಅದರ ಮೇಲೆ ಬೆಂಕಿಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಂತೆ ಕಾಣುವ ರೈಲು. ಕೆಳಗೆ ಒಂದು ಸಾಲು: ‘ಕೊಂಕಣವೆಂಬ ಸ್ವರ್ಗ’. ಅದು ಯಾವ ಸೇತುವೆ, ಯಾವ ಊರು ಅಂತ ಕಳಿಸಿದವರನ್ನು ಕೇಳಿ ನೋಡಿ, ಉತ್ತರ ಬರುವುದಿಲ್ಲ. ಅವರಿಗೂ ಯಾರೋ ಕಳಿಸಿದ್ದು.

ಈ ಚಿತ್ರಗಳು ಕೆಟ್ಟ ಚಿತ್ರಗಳೆಂದು ಹೇಳಲು ನಾನು ಹೊರಟಿಲ್ಲ. ಅವುಗಳಲ್ಲಿ ಹಲವು ನಿಜಕ್ಕೂ ಚೆಂದ. ಒಂದು ಚಿತ್ರಕ್ಕಾಗಿ ಮಳೆಯಲ್ಲಿ ನಾಲ್ಕು ಗಂಟೆ ಕಾದು ಕೂರುವ ಹುಡುಗರಿದ್ದಾರೆ. ಅವರ ಶ್ರಮವನ್ನು ಹಗುರವಾಗಿ ನೋಡಬಾರದು. ಆದರೆ ಚೆಂದದ ಚಿತ್ರವನ್ನು ನೋಡಿ ‘ವಾಹ್’ ಅಂದು ಮುಂದೆ ಹೋಗುವುದು ಒಂದು ರೀತಿ. ಒಂದು ನಿಮಿಷ ನಿಂತು, ಇದರಲ್ಲಿ ಏನಿದೆ, ಏನಿಲ್ಲ ಅಂತ ಕೇಳುವುದು ಇನ್ನೊಂದು ರೀತಿ. ಕವಿತೆಯನ್ನು, ಕಥೆಯನ್ನು ನಾವು ಹಾಗೆ ಓದುತ್ತೇವೆ. ರೈಲಿನ ಚಿತ್ರವನ್ನು ಯಾಕೆ ಓದಬಾರದು?

ಓದಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಇದು: ಇಂಥ ಚಿತ್ರಗಳಲ್ಲಿ ಮನುಷ್ಯರೇ ಇಲ್ಲ. ರೈಲಿನೊಳಗೆ ಸಾವಿರ ಜನ ಇರಬಹುದು, ಅವರು ಕಾಣುವುದಿಲ್ಲ. ಹಳಿಯ ಪಕ್ಕ ಮನೆ ಇರಬಹುದು, ಗದ್ದೆ ಇರಬಹುದು, ಅವು ಚೌಕಟ್ಟಿನ ಹೊರಗೆ. ಚಿತ್ರ ನೋಡಿದವನಿಗೆ ಅನಿಸುವುದು: ಯಾರೂ ಇಲ್ಲದ ಕಾಡಿನ ಮಧ್ಯೆ ಒಂದು ರೈಲು ತಾನಾಗಿ ಓಡುತ್ತಿದೆ.

ಈ ‘ಯಾರೂ ಇಲ್ಲ’ ಎಂಬುದು ಸಿಕ್ಕಿದ್ದಲ್ಲ, ಮಾಡಿದ್ದು. ಹೇಗೆ ಮಾಡುತ್ತಾರೆ ನೋಡಿ. ಮೊದಲು ಜಾಗದ ಆಯ್ಕೆ. ಹಳಿಯ ಪಕ್ಕ ನಿಂತರೆ ಗೇಟು, ಕಂಬ, ಕಸ, ಜನ ಎಲ್ಲ ಬರ್ತದೆ. ಹಾಗಾಗಿ ಎದುರಿನ ಗುಡ್ಡ ಹತ್ತಬೇಕು. ಎರಡನೆಯದು ಲೆನ್ಸ್. ದೂರದ್ದನ್ನು ಹತ್ತಿರ ಎಳೆಯುವ ಉದ್ದನೆಯ ಲೆನ್ಸಿಗೆ ಇನ್ನೊಂದು ಗುಣವಿದೆ. ಅದು ಹಿಂದಿನ ಗುಡ್ಡವನ್ನೂ ಮುಂದಿನ ರೈಲನ್ನೂ ಒಂದಕ್ಕೊಂದು ಅಂಟಿಸಿದಂತೆ ತೋರಿಸ್ತದೆ. ಮಧ್ಯದ ಊರು ಮಾಯ. ಮೂರನೆಯದು ಬೆಳಕು. ಮಳೆ ಬಿಟ್ಟ ಮುಂಜಾನೆ, ಇಲ್ಲವೇ ಅಸರ್ ಕಳೆದು ಮಗ್ರಿಬ್‌ಗೆ ಮೊದಲಿನ ಆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಯಾವ ಬಡತನವೂ ಬಂಗಾರದ ಬಣ್ಣ ತಾಳುತ್ತದೆ. ಈಗ ನಾಲ್ಕನೆಯದೂ ಸೇರಿದೆ, ಡ್ರೋನ್. ಮೇಲಿನಿಂದ ನೋಡಿದರೆ ಮನುಷ್ಯ ಚುಕ್ಕಿ, ಮನೆ ಹೆಂಚಿನ ತುಂಡು.

ಇದೆಲ್ಲ ಕಲೆಗಾರಿಕೆ, ತಪ್ಪೇನಿಲ್ಲ. ಯಾವ ಚಿತ್ರಕಾರನೂ ಎಲ್ಲವನ್ನೂ ಚೌಕಟ್ಟಿನೊಳಗೆ ತುಂಬಲಾರ. ಆದರೆ ಎಲ್ಲರೂ ಒಂದೇ ವಸ್ತುವನ್ನು, ಪ್ರತಿ ಸಲವೂ, ಹೊರಗಿಡುತ್ತಿದ್ದರೆ ಅದು ಒಬ್ಬನ ಅಭಿರುಚಿಯಾಗಿ ಉಳಿಯುವುದಿಲ್ಲ, ಅಭ್ಯಾಸವಾಗಿಬಿಡುತ್ತದೆ. 2022ರಲ್ಲಿ ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ ಪೂರ್ತಿಯಾಯಿತು. ಡೀಸೆಲ್ ಎಂಜಿನ್ ಹೋಯಿತು, ಕಂಬ ತಂತಿ ಬಂತು. ರೈಲುಪ್ರಿಯರಲ್ಲಿ ಹಲವರಿಗೆ ಬೇಸರವಾಯಿತು, ತಂತಿಯಿಂದ ಚಿತ್ರ ಕೆಟ್ಟಿತು ಅಂತ. ಆ ಹೊಗೆ ಸುರಂಗದೊಳಗೆ ಯಾರ ಪುಪ್ಪುಸಕ್ಕೆ ಹೋಗುತ್ತಿತ್ತು? ಸುರಂಗದಲ್ಲಿ ಹಳಿ ಸರಿಪಡಿಸುವವನ ಪುಪ್ಪುಸಕ್ಕೆ. ಅವನ ಕಣ್ಣಿನಿಂದ ನೋಡಿದರೆ ಆ ತಂತಿ ಬಂದದ್ದು ಒಳ್ಳೆಯದೇ. ಒಂದೇ ತಂತಿ, ನೋಡುವ ಜಾಗ ಬೇರೆ.

‘ದುರ್ಗಮ’, ‘ನಿರ್ಜನ’, ‘ದೂರದ’ ಎಂಬ ಪದಗಳ ಕಥೆಯೂ ಅಷ್ಟೇ. ಎಲ್ಲಿಂದ ದೂರ? ಯಾರಿಗೆ ದುರ್ಗಮ?

ನಾವಿರುವ ನೆರೂಳದಿಂದಲೇ ಶುರು ಮಾಡೋಣ. ಇಲ್ಲಿಂದ ಲೋಕಲ್ ಹಿಡಿದು ಎರಡೇ ನಿಲ್ದಾಣ ಹೋದರೆ ಸಿಬಿಡಿ ಬೇಲಾಪುರ. ಕೊಂಕಣ ರೈಲ್ವೆ ನಿಗಮದ ಮುಖ್ಯ ಕಚೇರಿ ಇರುವುದು ಅಲ್ಲಿ. 1990ರಲ್ಲಿ ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. 1998ರ ಜನವರಿ 26ರಂದು ರೋಹಾದಿಂದ ಮಂಗಳೂರು ಬಳಿಯ ತೋಕೂರುವರೆಗಿನ ದಾರಿ ಪೂರ್ತಿ ತೆರೆಯಿತು. ಸುಮಾರು 740 ಕಿಲೋಮೀಟರ್ ದಾರಿ, 91 ಸುರಂಗ, ಚಿಕ್ಕದು ದೊಡ್ಡದು ಸೇರಿ ಎರಡು ಸಾವಿರದ ಹತ್ತಿರ ಸೇತುವೆ. ರತ್ನಾಗಿರಿ ಬಳಿ ಪಾನ್ವಲ್ ನದಿಯ ಸೇತುವೆಯ ಎತ್ತರ ಸುಮಾರು 64 ಮೀಟರ್. ಮಳೆಗಾಲದಲ್ಲಿ ನಿಮಗೆ ಬರುವ ಚಿತ್ರಗಳಲ್ಲಿ ಎಷ್ಟೋ ಅದರದ್ದೇ.

ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಇನ್ನೊಂದು ಅಂಕಿ ಇದೆ. ಈ ಒಂದು ದಾರಿಗಾಗಿ ಜಮೀನು ಬಿಟ್ಟುಕೊಟ್ಟವರು 42,000ಕ್ಕೂ ಹೆಚ್ಚು ಮಂದಿ. ನಿಧಾನಕ್ಕೆ ಇನ್ನೊಮ್ಮೆ ಓದಿ: ನಲವತ್ತೆರಡು ಸಾವಿರ. ಯಾರೂ ಇಲ್ಲದ ಕಾಡಾಗಿದ್ದರೆ ಇಷ್ಟು ಜನರ ಬಳಿ ಸಹಿ ಹಾಕಿಸುವ ಅಗತ್ಯ ಇರುತ್ತಿರಲಿಲ್ಲ. ಒಬ್ಬನದ್ದು ಮಾವಿನ ತೋಪು, ಇನ್ನೊಬ್ಬನದ್ದು ಗೇರು ಗುಡ್ಡೆ, ಮತ್ತೊಬ್ಬಳದ್ದು ಅಂಗಳ, ಬಾವಿ, ಹಟ್ಟಿ. ಇವುಗಳ ಮೇಲೆ ಹಾದುಹೋದ ಹಳಿಯನ್ನೇ ನಮ್ಮ ಚಿತ್ರಗಳು ‘ನಿರ್ಜನ’ ಎಂದು ತೋರಿಸುತ್ತಿವೆ.

ನಮ್ಮಲ್ಲಿ ಕರಾವಳಿಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪನ್ವೇಲಿನಲ್ಲಿ ಮತ್ಸ್ಯಗಂಧ ಹತ್ತಿದವರಿಗೆ ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ ಎಂದರೆ ದೃಶ್ಯಗಳ ಹೆಸರಲ್ಲ. ಅಲ್ಲಿ ಉಮ್ಮ ಇರುತ್ತಾರೆ, ಮದುವೆ ಇರುತ್ತದೆ, ಮಯ್ಯತ್ತಿಗೆ ತಲುಪಲಾಗದೆ ಉಳಿದ ದುಃಖವೂ ಇರುತ್ತದೆ. ರೈಲು ಬರುವ ಮೊದಲು ಈ ದಾರಿ ಬಸ್ಸಿನಲ್ಲಿ ಒಂದು ದಿನದ ದಣಿವಾಗಿತ್ತು. ಹಾಗಾಗಿ ಈ ರೈಲನ್ನು ಪ್ರೀತಿಸುವ ಹಕ್ಕು ನಮಗೂ ಇದೆ. ಪ್ರೀತಿ ಇದ್ದಲ್ಲಿ ಪ್ರಶ್ನೆಯೂ ಇರಬೇಕು.

ರೈಲಿನ ಚಿತ್ರದಿಂದ ಮನುಷ್ಯ ಕಾಣೆಯಾಗುವುದು ಹೊಸದೇನಲ್ಲ. ಈ ವಿಷಯದಲ್ಲಿ ಜಗತ್ತಿನ ಅತಿ ಪ್ರಸಿದ್ಧ ಚಿತ್ರವೊಂದನ್ನು ನೋಡೋಣ. 1869ರ ಮೇ 10. ಅಮೆರಿಕದ ಯೂಟಾ ಪ್ರಾಂತ್ಯದ ಪ್ರೊಮಾಂಟರಿ ಸಮ್ಮಿಟ್ ಎಂಬ ಬಯಲು. ಪೂರ್ವದಿಂದ ಬಂದ ಹಳಿಯೂ ಪಶ್ಚಿಮದಿಂದ ಬಂದ ಹಳಿಯೂ ಅಲ್ಲಿ ಕೂಡಿದವು. ಎರಡು ಎಂಜಿನ್ ಮುಖಾಮುಖಿ, ನಡುವೆ ಕೈಕುಲುಕುವ ಎಂಜಿನಿಯರುಗಳು, ಸುತ್ತ ಟೋಪಿ ಧರಿಸಿದ ಗಂಡಸರ ಗುಂಪು. ತೆಗೆದವರು ಆಂಡ್ರೂ ಜೆ. ರಸೆಲ್. ಪಶ್ಚಿಮದ ಆ ಹಳಿಯನ್ನು ಸಿಯೆರಾ ನೆವಾಡಾ ಪರ್ವತದ ಬಂಡೆ ಒಡೆದು, ಹಿಮದಲ್ಲಿ ಸತ್ತು, ಹಾಕಿದವರಲ್ಲಿ ಹೆಚ್ಚಿನವರು ಚೀನಾದಿಂದ ಬಂದ ಕೂಲಿಗಳು, ಹತ್ತು ಸಾವಿರಕ್ಕೂ ಮೇಲೆ. ಈ ಚಿತ್ರದಲ್ಲಿ ಅವರ ಮುಖ ಹುಡುಕಿ ನೋಡಿ. ಸಿಗುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಇದೆ, ಅದು ನಮಗೆ ಮುಖ್ಯ. ಅದೇ ದಿನ ಅದೇ ರಸೆಲ್ ತೆಗೆದ ಬೇರೆ ಚಿತ್ರವೊಂದರಲ್ಲಿ ಕೊನೆಯ ಹಳಿ ಇಡುತ್ತಿರುವ ಚೀನೀ ಕೆಲಸಗಾರರು ಕಾಣುತ್ತಾರೆ. ಅಂದರೆ ಕ್ಯಾಮೆರಾ ಅವರನ್ನು ನೋಡಿತ್ತು. ಆದರೆ ಪಾಠಪುಸ್ತಕಕ್ಕೆ, ಗೋಡೆಗೆ ಹೋದದ್ದು ಕೈಕುಲುಕುವವರ ಚಿತ್ರ. ತಪ್ಪು ಛಾಯಾಗ್ರಾಹಕನದ್ದಷ್ಟೇ ಅಲ್ಲ ನೋಡಿ. ಯಾವ ಚಿತ್ರವನ್ನು ಮುಂದಕ್ಕೆ ಕಳಿಸಬೇಕು ಅಂತ ಆರಿಸಿದವರ ಕೈಯೂ ಅದರಲ್ಲಿದೆ. ಇವತ್ತು ಆ ಕೈ ನಿಮ್ಮದು, ನನ್ನದು. ಮೊಬೈಲಿನಲ್ಲಿ ಮುಂದಕ್ಕೆ ಕಳಿಸುವ ಪ್ರತಿ ಚಿತ್ರದಲ್ಲೂ ನಾವು ಅದೇ ಕೆಲಸ ಮಾಡುತ್ತಿದ್ದೇವೆ.

ನ್ಯೂಯಾರ್ಕಿನ ಕಾರ್ಕಿ ಲೀ ಎಂಬ ಚೀನೀ ಮೂಲದ ಛಾಯಾಗ್ರಾಹಕ ಶಾಲೆಯಲ್ಲಿದ್ದಾಗ ಈ ಚಿತ್ರ ನೋಡಿದ್ದರು. ಅದರಲ್ಲಿ ತಮ್ಮವರು ಯಾರೂ ಇಲ್ಲ ಎಂಬುದು ಅವರ ಮನಸ್ಸಿನಲ್ಲಿ ಉಳಿಯಿತು. 2014ರ ಮೇ 10ರಂದು, 145ನೇ ವರ್ಷದ ದಿನ, ಆ ಕೆಲಸಗಾರರ ವಂಶಸ್ಥರನ್ನೂ ಇತರ ಏಷ್ಯನ್ ಅಮೆರಿಕನ್ನರನ್ನೂ ಅದೇ ಜಾಗಕ್ಕೆ ಕರೆತಂದು, ಎಂಜಿನ್‌ಗಳ ಮುಂದೆ ನಿಲ್ಲಿಸಿ ಚಿತ್ರ ತೆಗೆದರು. ಇದಕ್ಕೆ ಅವರು ಇಟ್ಟ ಹೆಸರು ಛಾಯಾಚಿತ್ರದ ನ್ಯಾಯ. 2021ರಲ್ಲಿ ಕೋವಿಡ್‌ಗೆ ಅವರು ತೀರಿಕೊಂಡರು, ಚಿತ್ರ ಉಳಿದಿದೆ. ಸಿಟ್ಟು ಮಾಡಿ ಕೂಗಾಡಲಿಲ್ಲ ಮನುಷ್ಯ. ಹಳೆಯ ಚಿತ್ರವನ್ನು ಹರಿಯಲೂ ಇಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಚಿತ್ರ ಇಟ್ಟರು. ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಅಮೆರಿಕದ ಮಾತು ನಮಗೇಕೆ ಅನ್ನುವವರು ನೆರೂಳದಿಂದ ಪನ್ವೇಲ್ ದಾಟಿ ಕರ್ಜತ್ ಕಡೆ ಬನ್ನಿ. ಅಲ್ಲಿಂದ ಲೋಣಾವಳಕ್ಕೆ ಏರುವ ಭೋರ್ ಘಾಟ್, ಮುಂಬೈ ಪುಣೆ ನಡುವೆ ಅತಿ ಹೆಚ್ಚು ಚಿತ್ರ ತೆಗೆಸಿಕೊಳ್ಳುವ ರೈಲು ದಾರಿ. ಕೆಲಸ ಶುರುವಾದದ್ದು 1856ರಲ್ಲಿ, ತೆರೆದದ್ದು 1863ರಲ್ಲಿ. ಗುತ್ತಿಗೆದಾರ ಸಾಲಮನ್ ಟ್ರೆಡ್ವೆಲ್ ಇಲ್ಲಿಗೆ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡಾಗ ಆತನ ಹೆಂಡತಿ ಆಲಿಸ್ ಟ್ರೆಡ್ವೆಲ್ ಆ ಗುತ್ತಿಗೆಯನ್ನು ವಹಿಸಿಕೊಂಡು ಮುಗಿಸಿದರು. ಅವರ ಹೆಸರು ಚರಿತ್ರೆಯಲ್ಲಿದೆ, ಇರಬೇಕಾದದ್ದೇ. 1861ರ ಹೊತ್ತಿಗೆ ಆ ಘಾಟಿಯಲ್ಲಿ ದುಡಿಯುತ್ತಿದ್ದವರು ನಲವತ್ತು ಸಾವಿರಕ್ಕೂ ಹೆಚ್ಚು. ಕಾಲರಾ, ಜ್ವರ, ಸಿಡಿಮದ್ದು, ಜಾರುವ ಬಂಡೆ ಇವುಗಳಿಗೆ ಸತ್ತವರ ಲೆಕ್ಕ ಸಾವಿರಗಳಲ್ಲಿದೆ. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಇವತ್ತು ಮಳೆಗಾಲದಲ್ಲಿ ಆ ಘಾಟಿಯ ಚಿತ್ರದ ಕೆಳಗೆ ನಾವು ಬರೆಯುವುದು ‘ಪ್ರಕೃತಿಯ ಮಡಿಲು’.

ನಮ್ಮ ಕಾಲದ ಉದಾಹರಣೆ ಚೆನಾಬ್ ಸೇತುವೆ. 2025ರ ಜೂನ್ 6ರಂದು ಉದ್ಘಾಟನೆಯಾಯಿತು, ನದಿಯಿಂದ 359 ಮೀಟರ್ ಎತ್ತರ. ಆ ಕೆಲಸ ಮಾಡಿಸಿದ್ದೂ ಇದೇ ಬೇಲಾಪುರದ ಕೊಂಕಣ ರೈಲ್ವೆ ನಿಗಮ. ಮೋಡದ ಮೇಲೆ ರೈಲು ತೇಲುವಂಥ ಆ ಚಿತ್ರವನ್ನು ನೋಡದವರಿಲ್ಲ. ಸೇತುವೆ ಕಟ್ಟುವ ಜಾಗಕ್ಕೆ ತಲುಪಲು ಮೊದಲು ದಾರಿಯೇ ಇರಲಿಲ್ಲ. ಆ ರೈಲು ಯೋಜನೆಗಾಗಿಯೇ ಇನ್ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆ ಕಡಿಯಬೇಕಾಯಿತು. ಆ ರಸ್ತೆ ಸಿಕ್ಕಿದ ಹಳ್ಳಿಗಳ ಕಥೆ, ಆ ಕಮಾನಿನ ತುದಿಯಲ್ಲಿ ನೇತಾಡಿ ಬೋಲ್ಟು ಬಿಗಿದವನ ಕಥೆ ಮೋಡದ ಕೆಳಗೇ ಉಳಿಯಿತು.

ಇನ್ನು ಮಳೆಯ ವಿಷಯ. ಕೊಂಕಣದ ರೈಲು ಚಿತ್ರಗಳಲ್ಲಿ ಮಳೆ ಎಂದರೆ ಸೊಬಗು. ಹಳಿಯ ಮೇಲೆ ಇರುವವನಿಗೆ ಮಳೆ ಎಂದರೆ ಭಯ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಬರುತ್ತಿದ್ದ ರಜಾ ದಿನಗಳ ವಿಶೇಷ ರೈಲು ವೈಭವವಾಡಿಯ ಬಳಿ, ಗುಡ್ಡದಿಂದ ಹಳಿಗೆ ಜಾರಿದ ಬಂಡೆಗೆ ಬಡಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಒಂದು ವರ್ಷ ಆಗಲಿಲ್ಲ, 2004ರ ಜೂನ್ 16ರಂದು ರಾಯಗಡ ಜಿಲ್ಲೆಯ ಕರಂಜಾಡಿ ಬಳಿ ನಮ್ಮದೇ ಮತ್ಸ್ಯಗಂಧ ಅಂಥದೇ ಬಂಡೆಗೆ ಸಿಕ್ಕಿ ಸೇತುವೆಯಿಂದ ಉರುಳಿತು. ಆ ಎರಡೂ ಗುಡ್ಡಗಳು ಮಳೆಗಾಲದ ಯಾವ ಚಿತ್ರದಲ್ಲಿ ನೋಡಿದರೂ ಸುಂದರವಾಗಿಯೇ ಕಾಣುತ್ತವೆ. ಹಸಿರು ಹೊದ್ದ ಕಡಿದಾದ ಮಣ್ಣು ಎಷ್ಟು ಸಡಿಲ ಎಂಬುದನ್ನು ಹಸಿರು ಹೇಳುವುದಿಲ್ಲ.

ಅದನ್ನು ಹೇಳಬಲ್ಲವನು ಒಬ್ಬನಿದ್ದಾನೆ. ಮಳೆಗಾಲದಲ್ಲಿ ಈ ದಾರಿಯ ಅಪಾಯದ ಜಾಗಗಳಲ್ಲಿ ಹಗಲು ರಾತ್ರಿ ಹಳಿ ಕಾಯಲು ಆರುನೂರಕ್ಕೂ ಹೆಚ್ಚು ಮಂದಿಯನ್ನು ನಿಯೋಜಿಸುತ್ತಾರೆ. ಕೈಯಲ್ಲಿ ಟಾರ್ಚು, ಮೈಮೇಲೆ ರೈನ್‌ಕೋಟು. ಕತ್ತಲಲ್ಲಿ ಕಡಿದಾದ ಗುಡ್ಡದ ಬುಡದಲ್ಲಿ ನಡೆಯುತ್ತಾ, ಎಲ್ಲಾದರೂ ಮಣ್ಣು ಜಾರಿದೆಯಾ, ಕಲ್ಲು ಬಿದ್ದಿದೆಯಾ ಅಂತ ನೋಡುವುದು ಅವರ ಕೆಲಸ. ಜೋರು ಮಳೆ ಬಂದು ಮುಂದೆ ಕಾಣದಾದಾಗ ಗಂಟೆಗೆ 40 ಕಿಲೋಮೀಟರಿಗಿಂತ ವೇಗ ಹೋಗಬಾರದೆಂದು ಲೋಕೋ ಪೈಲಟ್‌ಗಳಿಗೆ ಸೂಚನೆ ಇರುತ್ತದೆ. ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ. ಬರ್ತ್‌ನಲ್ಲಿ ಮಲಗಿ ‘ಯಾಕಪ್ಪಾ ಇಷ್ಟು ನಿಧಾನ’ ಅಂತ ನಾವು ಗೊಣಗುವಾಗ, ಕಿಟಕಿಯ ಹೊರಗೆ ಒಂದು ಸಣ್ಣ ಬೆಳಕು ಹಿಂದಕ್ಕೆ ಸರಿದು ಹೋಗ್ತದಲ್ಲ, ಅದು ಅವನ ಟಾರ್ಚು.

ಹೇಳಿ, ಮಳೆಗಾಲದ ಕೊಂಕಣ ರೈಲಿನ ಇಷ್ಟೊಂದು ಚಿತ್ರಗಳಲ್ಲಿ ಆ ಟಾರ್ಚು ಇರುವ ಚಿತ್ರ ನೀವು ಎಷ್ಟು ನೋಡಿದ್ದೀರಿ? ನನ್ನ ತಕರಾರು ಇಷ್ಟೇ. ಗುಡ್ಡ ಬೇಡ, ಮಂಜು ಬೇಡ ಅಂತಲ್ಲ. ರೈಲನ್ನು ಸುರಕ್ಷಿತವಾಗಿ ದಾಟಿಸುವ ಮನುಷ್ಯನನ್ನು ಅಳಿಸಿ ತೆಗೆದ ಚಿತ್ರ ರೈಲಿನ ಬಗ್ಗೆ ಅರ್ಧ ಸುಳ್ಳು ಹೇಳುತ್ತದೆ.

ಹಾಗಾದರೆ ಮನುಷ್ಯ ಇರುವ, ಆದರೂ ಚೆಂದವಾಗಿರುವ ರೈಲಿನ ಚಿತ್ರ ಸಾಧ್ಯವೇ? ಸಾಧ್ಯ ಎನ್ನಲು ಎರಡು ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿಗಳು ಇವನ್ನು ಹುಡುಕಿ ನೋಡಬೇಕು.

ಒಂದು, ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’. ಕ್ಯಾಮೆರಾ ಹಿಡಿದವರು ಸುಬ್ರತ ಮಿತ್ರ. ಅಪು, ದುರ್ಗಾ ಎಂಬ ತಮ್ಮ ಅಕ್ಕ, ಬಿಳಿ ಹೂವಿನ ಕಾಶ್ ಹುಲ್ಲಿನ ನಡುವೆ ಓಡಿ ರೈಲು ನೋಡುವ ದೃಶ್ಯ ಅದರಲ್ಲಿದೆ. ಬಯಲು, ಹುಲ್ಲು, ಹೊಗೆ, ದೂರದಲ್ಲಿ ರೈಲು. ಬೇಕಾದ ಸೊಬಗೆಲ್ಲ ಇದೆ. ಆದರೆ ಕ್ಯಾಮೆರಾ ಇರುವುದು ಆ ಮಕ್ಕಳ ಜೊತೆಗೆ. ಆ ಬಯಲು ಅವರಿಗೆ ದೂರದ್ದಲ್ಲ, ಮನೆಯ ಹಿಂದಿನದ್ದು. ದೂರದಿಂದ ಬಂದದ್ದು ರೈಲು! ನಮ್ಮ ಮಳೆಗಾಲದ ಚಿತ್ರಗಳು ರೈಲಿನ ಕಡೆಯಿಂದ ಊರನ್ನು ನೋಡುತ್ತವೆ. ರಾಯ್ ಊರಿನ ಕಡೆಯಿಂದ ರೈಲನ್ನು ನೋಡಿದರು.

ಈ ದೃಶ್ಯದ ಹಿಂದಿನ ಕಥೆಯನ್ನು ರಾಯ್ ಅವರೇ ಹೇಳಿಕೊಂಡಿದ್ದಾರೆ. ಮೊದಲ ದಿನ ಅರ್ಧ ಚಿತ್ರೀಕರಿಸಿ, ವಾರ ಬಿಟ್ಟು ಬಂದು ನೋಡಿದರೆ ಕಾಶ್ ಹೂವು ಒಂದೂ ಇಲ್ಲ. ದನಗಳು ಬಂದು ಎಲ್ಲ ಮೇಯ್ದುಬಿಟ್ಟಿದ್ದವು. ಉಳಿದದ್ದನ್ನು ಚಿತ್ರೀಕರಿಸಲು ಮುಂದಿನ ವರ್ಷದ ಹೂವಿಗೆ ಕಾಯಬೇಕಾಯಿತು. ನಾವು ‘ದೃಶ್ಯ’ ಅನ್ನುವುದು ಬೇರೆಯವರ ಹಸುವಿಗೆ ಮೇವು. ದೃಶ್ಯಕ್ಕೆ ಒಬ್ಬ ಯಜಮಾನ ಇರುತ್ತಾನೆ, ಅವನ ದನಕ್ಕೆ ಹಸಿವು ಇರುತ್ತದೆ. ಇದನ್ನು ಕಲಿತ ಮೇಲೆ ಯಾವ ಬಯಲನ್ನೂ ಖಾಲಿ ಎಂದು ಕರೆಯಲು ನಾಲಿಗೆ ಏಳುವುದಿಲ್ಲ.

ಎರಡು, ಅಮೆರಿಕದ ಓ. ವಿನ್‌ಸ್ಟನ್ ಲಿಂಕ್. 1955ರಿಂದ 1960ರವರೆಗೆ, ನಾರ್‌ಫೋಕ್ ಅಂಡ್ ವೆಸ್ಟರ್ನ್ ಎಂಬ ರೈಲು ಮಾರ್ಗದ ಕೊನೆಯ ಉಗಿ ಎಂಜಿನ್‌ಗಳನ್ನು ಅವರು ಚಿತ್ರಿಸಿದರು. ಹೆಚ್ಚಿನವು ರಾತ್ರಿಯ ಚಿತ್ರಗಳು. ಹತ್ತಾರು ಫ್ಲ್ಯಾಶ್ ಬಲ್ಬುಗಳನ್ನು ತಂತಿಯಿಂದ ಜೋಡಿಸಿ, ರೈಲು ಬಂದ ಕ್ಷಣಕ್ಕೆ ಒಮ್ಮೆಲೇ ಉರಿಸಿ ತೆಗೆದವು. ಎಲ್ಲವೂ ಅಪಲಾಚಿಯನ್ ಗುಡ್ಡಗಾಡಿನ ಸಣ್ಣ ಊರುಗಳು, ಕಲ್ಲಿದ್ದಲಿನ ನಾಡು. ‘ನಿರ್ಜನ’ ಎನ್ನಿಸುವಂತೆ ತೋರಿಸುವುದು ಬಹಳ ಸುಲಭವಿತ್ತು. ಆದರೆ ಅವರ ಚಿತ್ರಗಳಲ್ಲಿ ರೈಲು ಹಾದುಹೋಗುವಾಗ ಜನ ತಮ್ಮ ಪಾಡಿಗೆ ಬದುಕುತ್ತಿರುತ್ತಾರೆ. 1956ರಲ್ಲಿ ವೆಸ್ಟ್ ವರ್ಜೀನಿಯಾದ ಈಗರ್ ಎಂಬ ಊರಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ, ಬಯಲು ಚಿತ್ರಮಂದಿರದಲ್ಲಿ ಕಾರಿನೊಳಗೆ ಕೂತು ಒಂದು ಜೋಡಿ ಸಿನಿಮಾ ನೋಡುತ್ತಿದೆ, ಪರದೆಯ ಮೇಲೆ ವಿಮಾನ, ಅದರ ಪಕ್ಕದಲ್ಲಿ ಹೊಗೆ ಉಗುಳುತ್ತಾ ರೈಲು. ಎಂಜಿನ್‌ಗೆ ಎಣ್ಣೆ ಬಿಡುವ, ಗಾಲಿ ತಟ್ಟಿ ನೋಡುವ ಕೆಲಸಗಾರರನ್ನೂ ಅವರು ಅಷ್ಟೇ ಮರ್ಯಾದೆಯಿಂದ ತೆಗೆದರು.

ಒಂದು ಆಕ್ಷೇಪ ಬರಬಹುದು: ಅವೆಲ್ಲ ಹೇಳಿ ನಿಲ್ಲಿಸಿ ತೆಗೆದ ಚಿತ್ರಗಳಲ್ಲವೇ? ಹೌದು. ಆ ಪರದೆಯ ಮೇಲಿನ ವಿಮಾನವನ್ನೂ ಅಚ್ಚು ಹಾಕುವಾಗ ಆಮೇಲೆ ಸೇರಿಸಿದ್ದು. ಆದರೆ ಗುಡ್ಡ ಹತ್ತಿ, ಊರನ್ನು ಚೌಕಟ್ಟಿನಿಂದ ಹೊರಗೆ ತಳ್ಳಿ ತೆಗೆದ ಚಿತ್ರವೂ ಜೋಡಿಸಿದ್ದೇ. ಲಿಂಕ್ ಜನರನ್ನು ಸೇರಿಸಿ ಜೋಡಿಸಿದರು, ನಾವು ಕಳೆದು ಜೋಡಿಸುತ್ತಿದ್ದೇವೆ. ಆ ರೈಲಿನ ಜೊತೆ ಬದುಕಿದ ಊರು ಹೇಗಿತ್ತು ಎಂಬುದು ಇವತ್ತಿಗೂ ನಮಗೆ ಗೊತ್ತಾಗುವುದು ಲಿಂಕ್ ಅವರ ಚಿತ್ರಗಳಿಂದ.

ಇದೆಲ್ಲ ಮಾಡಲು ದೂರ ಹೋಗಬೇಕಾಗಿಲ್ಲ. ನೆರೂಳದಿಂದ ಉರಣಕ್ಕೆ ಹೋಗುವ ಲೋಕಲ್ ಇದೆ. 2018ರ ನವೆಂಬರಿನಲ್ಲಿ ಖಾರ್‌ಕೋಪರ್‌ವರೆಗೆ, 2024ರ ಜನವರಿಯಲ್ಲಿ ಉರಣದವರೆಗೆ ತೆರೆಯಿತು. ಸೀವುಡ್ಸ್ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡಿ. ಖಾಡಿ, ಕಾಂಡ್ಲಾ ಗಿಡಗಳು, ಜೌಗು, ಹಿಂದೆ ಗುಡ್ಡ. ಚಳಿಗಾಲದಿಂದ ಬೇಸಿಗೆಯವರೆಗೆ ಈ ಸುತ್ತಿನ ಜೌಗಿನಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊಗಳು ಇಳಿಯುತ್ತವೆ. ಒಂದು ಕೋಟಿಗೂ ಹೆಚ್ಚು ಜನರಿರುವ ಮಹಾನಗರದ ಬುಡದಲ್ಲಿ ನಿಂತು, ಲೆನ್ಸ್ ಸ್ವಲ್ಪ ತಿರುಗಿಸಿದರೆ ‘ನಿರ್ಜನ ಭೂಮಿಯಲ್ಲಿ ರೈಲು’ ಎಂಬ ಚಿತ್ರ ಇಲ್ಲಿಯೇ ಸಿಗ್ತದೆ! ನಿರ್ಜನತೆ ಚೌಕಟ್ಟಿನಲ್ಲಿ ಹುಟ್ಟುತ್ತದೆ ಎನ್ನಲು ಇದಕ್ಕಿಂತ ಪುರಾವೆ ಬೇಕೇ?

ಈ ಹಳಿಯ ಕೆಳಗಿನ ನೆಲಕ್ಕೂ ಹೆಸರುಗಳಿವೆ. ನವಿ ಮುಂಬೈ ಕಟ್ಟಲು 1970ರ ದಶಕದಿಂದ 95 ಹಳ್ಳಿಗಳ ಜಮೀನು ಹೋಯಿತು. ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನ ಮಡಿ, ಮೀನಿನ ಖಾಡಿ. 1984ರ ಜನವರಿಯಲ್ಲಿ ಜಾಸಯಿ ಕಡೆ ನ್ಯಾಯವಾದ ಪರಿಹಾರ ಕೇಳಿದ ರೈತರ ಮೇಲೆ ಗೋಲಿಬಾರ್ ನಡೆದು ಐವರು ಪ್ರಾಣ ಕಳೆದುಕೊಂಡರು. ಉರಣ ಲೋಕಲ್ ಇಂದು ಆ ಸೀಮೆಯಲ್ಲೇ ಹೋಗುತ್ತದೆ. ಅಲ್ಲಿ ನಿಂತು ಸೂರ್ಯಾಸ್ತದ ಚಿತ್ರ ತೆಗೆಯಬಾರದೇ? ಧಾರಾಳ ತೆಗೆಯಿರಿ. ಖಾಡಿಯಲ್ಲಿ ಬಲೆ ಬೀಸುವವನು ಚೌಕಟ್ಟಿನೊಳಗೆ ಬಂದರೆ ‘ಸ್ವಲ್ಪ ಸರಿಯಪ್ಪ’ ಅಂತ ಮಾತ್ರ ಹೇಳಬೇಡಿ. ಆ ಚಿತ್ರದಲ್ಲಿ ಅವನೇ ಹಳಬ. ರೈಲು ಮೊನ್ನೆ ಬಂದದ್ದು.

ಊರಿಗೆ ಹೋದಾಗ ಹೊನ್ನಾವರದಲ್ಲಿ ಇಳಿದು ನೋಡಿ. ಶರಾವತಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ದಾರಿಯಲ್ಲೇ ಅತಿ ಉದ್ದದ್ದು. ಕೆಳಗೆ ದೋಣಿಗಳಿವೆ. ಕೊಂಕಣ ದಾರಿಯಲ್ಲಿ ಲಾರಿಗಳನ್ನು ಹೊತ್ತು ಸಾಗುವ ರೋ ರೋ ರೈಲು ಬಂದರೆ ಇನ್ನೂ ಒಳ್ಳೆಯದು. ಕೋಲಾಡದಿಂದ ಸುರತ್ಕಲ್ ಕಡೆಗೆ ಹೋಗುವ ಆ ರೈಲಿನಲ್ಲಿ ಚಾಲಕರು ತಮ್ಮ ಲಾರಿಯಲ್ಲೇ ಕೂತು ಪ್ರಯಾಣಿಸುತ್ತಾರೆ. ಸ್ಟಿಯರಿಂಗ್ ಮುಂದೆ ಕೂತೂ ಓಡಿಸದ ಡ್ರೈವರ್, ಕೆಳಗೆ ನದಿ, ನದಿಯಲ್ಲಿ ದೋಣಿ. ಮೂರು ಬದುಕು ಒಂದೇ ಚಿತ್ರದಲ್ಲಿ.

ಕೊನೆಗೆ, ಕ್ಯಾಮೆರಾ ಹಿಡಿದ ನಮ್ಮ ಹುಡುಗ ಹುಡುಗಿಯರಿಗೆ ನಾಲ್ಕು ಮಾತು. ಹಳಿಯ ಮೇಲೆ ನಡೆಯಬೇಡಿ. 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಸಿನಿಮಾದಲ್ಲಿ ದೂಧ್‌ಸಾಗರ್ ಜಲಪಾತದ ಮುಂದೆ ರೈಲು ನಿಂತದ್ದು ನೋಡಿ ಕ್ಯಾಸಲ್‌ರಾಕ್ ಕುಳೆಂ ನಡುವಿನ ಹಳಿಯಲ್ಲಿ ನಡೆದು ಹೋಗುವವರ ಸಂಖ್ಯೆ ಹೆಚ್ಚಿತು, ರೈಲ್ವೆಯವರು ಅದನ್ನು ತಡೆಯಬೇಕಾಯಿತು. ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯಲ್ಲೂ ಅದೇ ಕಥೆ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಹಳಿಯೊಳಗೆ ಹೋಗುವುದು ಅಪರಾಧ, ಆರು ತಿಂಗಳವರೆಗೆ ಸಜೆ ಆಗಬಹುದು. ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಎಲ್ಲಿದೆ ಎಂಬುದು ಗ್ಯಾಂಗ್‌ಮ್ಯಾನ್‌ಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಸೇತುವೆಯ ಬಳಿ ನಿಂತ ಎಲ್ಲ ಹುಡುಗರನ್ನೂ ಲೋಕ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಒಬ್ಬನಿಗೆ ‘ಯಾವ ಕ್ಯಾಮೆರಾ?’ ಅಂತ ಕೇಳುತ್ತಾರೆ, ಇನ್ನೊಬ್ಬನಿಗೆ ‘ಏನು ಹೆಸರು?’ ಅಂತ. ಇದು ನಮಗೆಲ್ಲ ಗೊತ್ತಿರುವ ಸಂಗತಿ. ಹೆದರಿ ಮನೆಯಲ್ಲಿ ಕೂರುವುದು ಇದಕ್ಕೆ ಉತ್ತರವಲ್ಲ. ಸಾರ್ವಜನಿಕ ರಸ್ತೆಯಿಂದ, ಪ್ಲಾಟ್‌ಫಾರ್ಮಿನಿಂದ, ಊರವರನ್ನು ಮಾತಾಡಿಸಿ, ಗುರುತಿನ ಚೀಟಿ ಜೇಬಲ್ಲಿಟ್ಟು ತೆಗೆಯಿರಿ. ಊರವರನ್ನು ಮಾತಾಡಿಸಿದವನಿಗೆ ಎರಡು ಲಾಭ. ಅವರು ನಿಮ್ಮ ಪರವಾಗಿ ನಿಲ್ಲುತ್ತಾರೆ, ನಿಮ್ಮ ಚಿತ್ರಕ್ಕೆ ಒಂದು ಹೆಸರೂ ಕೊಡುತ್ತಾರೆ.

ಆ ಹೆಸರನ್ನು ಚಿತ್ರದ ಕೆಳಗೆ ಬರೆಯಿರಿ. ‘ಕೊಂಕಣದ ಎಲ್ಲೋ ಒಂದು ಕಡೆ’ ಅಂತ ಬರೆದರೆ ಒಂದು ಊರನ್ನು ಅಳಿಸಿದ ಹಾಗೆ. ಊರಿನ ಹೆಸರು, ನದಿಯ ಹೆಸರು, ರೈಲಿನ ಹೆಸರು, ಹೊತ್ತು ಬರೆಯಿರಿ. ಮಳೆಯಲ್ಲಿ ಹಳಿ ಕಾಯುವವನು ಸಿಕ್ಕಿ, ಒಪ್ಪಿದರೆ, ಅವನ ಹೆಸರನ್ನೂ ಬರೆಯಿರಿ. ನೂರೈವತ್ತು ವರ್ಷಗಳ ನಂತರ ಯಾರೋ ಒಬ್ಬ ಕಾರ್ಕಿ ಲೀ ಹುಡುಕಿಕೊಂಡು ಬಂದು ಮತ್ತೆ ಚಿತ್ರ ತೆಗೆಯುವ ಪರಿಸ್ಥಿತಿ ನಮ್ಮ ಮಕ್ಕಳಿಗೆ ಬರದಿರಲಿ.

ಈ ಮಳೆಗಾಲದಲ್ಲೂ ಆ ಚಿತ್ರಗಳು ನಿಮ್ಮ ಮೊಬೈಲಿಗೆ ಬಂದೇ ಬರುತ್ತವೆ. ನೋಡಿ, ಖುಷಿಪಡಿ. ಮುಂದಕ್ಕೆ ಕಳಿಸುವ ಮೊದಲು ಕಳಿಸಿದವರಿಗೆ ಒಂದೇ ಒಂದು ಪ್ರಶ್ನೆ ಕೇಳಿ: ಇದು ಯಾವ ಊರು? ಉತ್ತರ ಹುಡುಕಲು ಅವರು ಹೊರಟರೆ ಅಷ್ಟರಮಟ್ಟಿಗೆ ಆ ಊರು ಚಿತ್ರದೊಳಗೆ ವಾಪಸ್ ಬಂದ ಹಾಗೆ.